ಲಕೋಟೆಯೊಳಗಿನ ಲ್ಯಾಪ್‌ಟಾಪು
2008ರ ಜನವರಿ 15ರಂದು ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯ ಮೇಲೆ ಸ್ಟೀವ್ ಜಾಬ್ಸ್ ಕಚೇರಿಯ ಕಾಗದದ ಲಕೋಟೆಯೊಂದರಿಂದ ಮ್ಯಾಕ್‌ಬುಕ್ ಏರ್ ಎಂಬ ಲ್ಯಾಪ್‌ಟಾಪನ್ನು ಹೊರತೆಗೆದಾಗ, ಯಂತ್ರಪ್ರಿಯರಾದ ನಮ್ಮಂಥವರಿಗೆ ಉಂಟಾದ ವಿಸ್ಮಯವು ಅಕೃತ್ರಿಮವಾದುದೇ ಸರಿ.

ತೂಕ 1.36 ಕಿಲೋ, ಅಂಚು ಅರ್ಧ ಸೆಂಟಿಮೀಟರಿಗಿಂತಲೂ ತೆಳು. ಆದರೆ ಈ ಕೃಶತೆಗಾಗಿ ತ್ಯಜಿಸಿದುದನ್ನೂ ನೋಡಬೇಕು: ಸಿ.ಡಿ. ಹಾಕಲು ಸ್ಥಳವಿಲ್ಲ, ಪಕ್ಕದ ಪುಟ್ಟ ಮುಚ್ಚಳವನ್ನು ಕೆಳಗೆಳೆದರೆ ಕಾಣುವ ಯುಎಸ್‌ಬಿ ಕಿಂಡಿಯೂ ಒಂದೇ.

ಇನ್ನು ಒಳಗಿದ್ದ 80 ಗಿಗಾಬೈಟಿನ ಹಾರ್ಡ್ ಡಿಸ್ಕೋ, ಐಪಾಡಿನಲ್ಲಿ ತಿರುಗುತ್ತಿದ್ದಂಥದೇ 1.8 ಅಂಗುಲದ, ನಿಮಿಷಕ್ಕೆ 4200 ಸುತ್ತು ಮಾತ್ರ ಸುತ್ತುವ ಜಾತಿಯದಾದುದರಿಂದ, ಗೀತೆಗಳನ್ನು ಒಂದಾದಮೇಲೊಂದು ಒದಗಿಸಲು ಧಾರಾಳವಾಗಿ ಸಾಲುತ್ತಿದ್ದ ಆ ಮಂದಗತಿಯು ಗಣಕಯಂತ್ರದ ಬಹುವಿಧ ಕಾರ್ಯಗಳಿಗೆ ಸಾಲದಾಯಿತು. ಚಲಿಸುವ ಭಾಗವೇ ಇಲ್ಲದ 64 ಗಿಗಾಬೈಟಿನ ಎಸ್‌ಎಸ್‌ಡಿಯೂ ದೊರೆಯುತ್ತಿತ್ತೆನ್ನಿ. ಬೆಲೆ ಕೇಳಿದೊಡನೆ ಉತ್ಸಾಹವು ತಾನಾಗಿಯೇ ಇಳಿಯುತ್ತಿತ್ತು.