ಹಾವಿನ ಮದ್ದು, ಕುದುರೆಯ ರಕ್ತ

ಮಿರಗದ ಮಳೆ ಬಿದ್ದು ಎರೆ ಹೊಲಗಳಲ್ಲಿ ಹೆಸರು, ಶೇಂಗಾ ಬಿತ್ತನೆ ಶುರುವಾಯಿತೆಂದರೆ ಗದಗ ಸೀಮೆಯಲ್ಲಿ ಹಾವು ಕಡಿತದ ದಿನಗಳೂ ಶುರುವಾದವು ಎಂದೇ ಅರ್ಥ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳಿಂದ "ಹುಳ ಮುಟ್ಟೇತ್ರಿ" ಎಂದು ಬೈಕಿನಲ್ಲಿ ನಡುವೆ ಕೂರಿಸಿಕೊಂಡು ತಂದ ರೈತನನ್ನು ಉಳಿಸುವುದು ಪುಟ್ಟ ಗಾಜಿನ ಬಾಟಲಿಯೊಳಗಿನ ಬಿಳಿ ಪುಡಿ. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸಾಯುತ್ತಾರೆಂಬುದು 2000ದಿಂದ 2019ರವರೆಗಿನ ಅಂದಾಜು. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಪ್ರಾಣಿಗಳ ಮೇಲಿನ ಪ್ರಯೋಗ ಸರಿಯೋ ತಪ್ಪೋ ಎಂಬ ಮಾತು ಬಂದಾಗ ನಾವು ಯಾವುದೋ ದೂರದೇಶದ ಲ್ಯಾಬನ್ನು ನೆನೆಯುತ್ತೇವೆ. ನಮ್ಮ ಜಿಲ್ಲೆಯ ಮಟ್ಟಿಗೆ ಆ ಮಾತು ಶುರುವಾಗಬೇಕಾದದ್ದು ಈ ಬಾಟಲಿಯಿಂದ.

ತಪ್ಪು ಕಲ್ಪನೆ: ಹಾವಿನ ಮದ್ದನ್ನು ಹಾವಿನಿಂದಲೇ ಮಾಡುತ್ತಾರೆ

ಹಾವಿನಿಂದ ಬರುವುದು ವಿಷ ಮಾತ್ರ. ಮದ್ದು ಬರುವುದು ಕುದುರೆಯಿಂದ. ನಮ್ಮ ದೇಶದ ಮದ್ದಿಗೆ ಬೇಕಾದ ವಿಷದ ಬಹುಪಾಲನ್ನು ಒದಗಿಸುತ್ತ ಬಂದದ್ದು ತಮಿಳುನಾಡಿನಲ್ಲಿ 1978ರಲ್ಲಿ ಹುಟ್ಟಿದ, ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘ. ಅವರು ಹಾವು ಹಿಡಿದು, ಕೆಲವು ಸಲ ವಿಷ ತೆಗೆದು, ಮತ್ತೆ ಬಿಟ್ಟುಬಿಡುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷವನ್ನು ಕುದುರೆಗೆ ಮೊದಲು ಬಹಳ ಕಡಿಮೆ ಪ್ರಮಾಣದಲ್ಲಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಚುಚ್ಚುತ್ತಾರೆ. ಕುದುರೆಯ ಮೈ ಆ ವಿಷಕ್ಕೆ ಎದುರಾಗಿ ಪ್ರತಿಕಾಯಗಳನ್ನು ಕಟ್ಟಿಕೊಳ್ಳುತ್ತದೆ. ಆಗ ಅದರ ರಕ್ತ ತೆಗೆದು, ಪ್ಲಾಸ್ಮಾ ಬೇರ್ಪಡಿಸಿ, ಪ್ರತಿಕಾಯವನ್ನು ಶುದ್ಧ ಮಾಡಿ ಒಣಗಿಸಿದರೆ ಆ ಬಿಳಿ ಪುಡಿ. ಒಳ್ಳೆಯ ಕೇಂದ್ರಗಳಲ್ಲಿ ಕೆಂಪು ರಕ್ತಕಣಗಳನ್ನು ಕುದುರೆಗೇ ಮರಳಿ ಕೊಡುತ್ತಾರೆ.

ಕುದುರೆಯನ್ನು ಕೊಲ್ಲುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಕೊಲ್ಲದಿರುವುದು ಬೇರೆ, ನೋವು ಕೊಡದಿರುವುದು ಬೇರೆ. ಚುಚ್ಚಿದ ಜಾಗ ಬಾತುಕೊಳ್ಳುತ್ತದೆ, ಹುಣ್ಣಾಗುತ್ತದೆ. ಮೇಲಿಂದ ಮೇಲೆ ರಕ್ತ ತೆಗೆದರೆ ಕುದುರೆ ಸೊರಗುತ್ತದೆ. ದೇಶದ ಕೆಲವು ಕೇಂದ್ರಗಳಿಗೆ ತಪಾಸಣೆಗೆ ಹೋದವರು ರಕ್ತಹೀನತೆಯಿಂದ ಬಳಲುವ, ಗೊರಸು ಕೆಟ್ಟ ಕುದುರೆಗಳನ್ನು ಕಂಡು ವರದಿ ಬರೆದಿದ್ದಾರೆ. ಮನುಷ್ಯನ ಜೀವ ಉಳಿಸುವ ಕೆಲಸ ಎಂಬ ಕಾರಣಕ್ಕೆ ಇದನ್ನು ಮನ್ನಿಸಬಾರದು. ಕುದುರೆಯ ಆರೈಕೆಗೆ ಬೇಕಾದದ್ದು ಹೊಸ ವಿಜ್ಞಾನವಲ್ಲ. ಮೇವು, ವಿಶ್ರಾಂತಿ, ಒಬ್ಬ ಪಶುವೈದ್ಯ ಮತ್ತು ಲೆಕ್ಕ ಕೇಳುವ ಅಧಿಕಾರಿ ಇದ್ದರೆ ಸಾಕು.

ತಪ್ಪು ಕಲ್ಪನೆ: ಇಲಿ ಬದುಕಿದರೆ ಮನುಷ್ಯನೂ ಬದುಕುತ್ತಾನೆ

ಆ ಬಾಟಲಿಯ ಚೀಟಿಯನ್ನು ಹತ್ತಿರ ಹಿಡಿದು ಓದಿ. ಕರಗಿಸಿದ ಮದ್ದಿನ ಒಂದು ಮಿಲಿಲೀಟರು ನಾಗರ ಮತ್ತು ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನೂ, ಕಟ್ಟುಹಾವು ಮತ್ತು ಗರಗಸ ಮಂಡಲದ 0.45 ಮಿಲಿಗ್ರಾಂ ವಿಷವನ್ನೂ ತಡೆಯುತ್ತದೆ ಎಂದಿರುತ್ತದೆ. ಈ ಅಂಕಿ ಬಂದದ್ದು ಬಿಳಿ ಇಲಿಗಳಿಂದ. ವಿಷ ಮತ್ತು ಮದ್ದನ್ನು ಬೇರೆ ಬೇರೆ ಅಳತೆಯಲ್ಲಿ ಬೆರೆಸಿ, ಇಲಿಗಳ ಗುಂಪುಗಳಿಗೆ ಚುಚ್ಚಿ, ಎಷ್ಟು ಉಳಿದವು, ಎಷ್ಟು ಸತ್ತವು ಎಂದು ಎಣಿಸುತ್ತಾರೆ. ಈ ಪರೀಕ್ಷೆ ಒಂದು ಸಲಕ್ಕೆ ಮುಗಿಯುವುದಿಲ್ಲ. ತಯಾರಾದ ಪ್ರತಿ ಬ್ಯಾಚಿಗೂ ನಡೆಯುತ್ತದೆ.

ಇಷ್ಟೆಲ್ಲ ಆದ ಮೇಲೂ ಆ ಅಂಕಿ ನಮ್ಮ ಹೊಲದ ಹಾವಿಗೆ ಪೂರ್ತಿ ಒಪ್ಪುತ್ತದೆಂಬ ಖಾತ್ರಿಯಿಲ್ಲ. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ ಇದನ್ನು ವರ್ಷಗಳಿಂದ ತೋರಿಸುತ್ತ ಬಂದಿದೆ. ತಮಿಳುನಾಡಿನ ಹಾವಿನ ವಿಷದಿಂದ ಮಾಡಿ, ಅದೇ ವಿಷದ ಮೇಲೆ ಪರೀಕ್ಷಿಸಿದ ಮದ್ದು ಬೇರೆ ಕಡೆಯ ಹಾವಿಗೆ ಅಷ್ಟೇ ಚೆನ್ನಾಗಿ ನಾಟದಿರಬಹುದು. ಹಾಗೆಂದು ಆಸ್ಪತ್ರೆಗೆ ಹೋಗುವುದನ್ನು ಯಾರೂ ತಡಮಾಡಬಾರದು. ಇವತ್ತಿಗೆ ಜೀವ ಉಳಿಸುವ ಮದ್ದು ಅದೊಂದೇ.

ಒಂದು ಜೀವಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗಲೇಬೇಕೆಂದಿಲ್ಲ ಎಂಬುದಕ್ಕೆ ಡೈಕ್ಲೋಫೆನಾಕ್ ಸಾಕ್ಷಿ. ಮಂಡಿನೋವಿಗೆ ನಾವು ನುಂಗುವ ಇದೇ ಔಷಧವನ್ನು ದನಗಳಿಗೂ ಕೊಡುತ್ತಿದ್ದರು. ದನಕ್ಕೆ ಏನೂ ಆಗಲಿಲ್ಲ. ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ದೇಶದ ಮುಖ್ಯ ರಣಹದ್ದು ಜಾತಿಗಳಲ್ಲಿ ಶೇ 95ಕ್ಕೂ ಹೆಚ್ಚು ಅಳಿದುಹೋದವು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಲಾಯಿತು. ಅದರ ಬದಲು ಮೆಲಾಕ್ಸಿಕಾಮ್ ಕೊಡಬಹುದು ಎಂದು ಗೊತ್ತಾದದ್ದು ಹೇಗೆ? ಸೆರೆಯಲ್ಲಿದ್ದ ರಣಹದ್ದುಗಳಿಗೆ ಅದನ್ನು ಕೊಟ್ಟು ನೋಡಿಯೇ. ಪ್ರಾಣಿ ಪ್ರಯೋಗವೆಲ್ಲ ಪಾಪ ಎನ್ನುವವರೂ, ಎಲ್ಲವೂ ಅನಿವಾರ್ಯ ಎನ್ನುವವರೂ ಈ ಸಂಗತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ತಪ್ಪು ಕಲ್ಪನೆ: ನಾಯಿ ಕಡಿದರೆ ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ

ಈ ಅಂಜಿಕೆಯಿಂದ ಇವತ್ತಿಗೂ ಸೂಜಿ ಹಾಕಿಸಿಕೊಳ್ಳದೆ ಖಾರದಪುಡಿ ಹಚ್ಚಿ ಸುಮ್ಮನಾಗುವವರಿದ್ದಾರೆ. ಹಿಂದಿನ ಕಾಲಕ್ಕೆ ಆ ಮಾತು ಸುಳ್ಳಲ್ಲ. ಡೇವಿಡ್ ಸೆಂಪಲ್ ಕಸೌಲಿಯಲ್ಲಿ 1911ರಲ್ಲಿ ರೂಪಿಸಿದ ರೇಬೀಸ್ ಲಸಿಕೆಯನ್ನು ನಮ್ಮಲ್ಲಿ ಕುರಿಯ ಮಿದುಳಿನಿಂದ ಮಾಡುತ್ತಿದ್ದರು. ಕುರಿಗೆ ರೇಬೀಸ್ ತಗುಲಿಸಿ, ಅದನ್ನು ಕೊಂದು, ಮಿದುಳನ್ನು ಅರೆದು ಮಾಡಿದ ಲಸಿಕೆ ಅದು. ಅದನ್ನು ಹೊಟ್ಟೆಗೆ ದಿನಕ್ಕೊಂದರಂತೆ ಚುಚ್ಚುತ್ತಿದ್ದರು. ಅದರಿಂದಲೇ ಕೆಲವರಿಗೆ ನರದೌರ್ಬಲ್ಯ, ಲಕ್ವಾ ಹೊಡೆದದ್ದೂ ಇದೆ. 2004ರ ಕೊನೆಗೆ ಭಾರತ ಅದನ್ನು ನಿಲ್ಲಿಸಿತು. ಈಗಿನದು ತೋಳಿಗೆ ನಾಲ್ಕೈದು ಸಲ ಹಾಕುವ ಲಸಿಕೆ. ಅದರ ಒಂದು ಬಗೆಯನ್ನು ವೀರೋ ಎಂಬ ಜೀವಕೋಶಗಳಲ್ಲಿ ಬೆಳೆಸುತ್ತಾರೆ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಒಂದೇ ಒಂದು ಹಸಿರು ಮಂಗನ ಮೂತ್ರಪಿಂಡದಿಂದ ತೆಗೆದ ಕೋಶಗಳು ಇವತ್ತಿಗೂ ಗಾಜಿನ ಪಾತ್ರೆಗಳಲ್ಲಿ ಬೆಳೆಯುತ್ತಲೇ ಇವೆ.

ಕುರಿಗೂ ಒಳ್ಳೆಯದಾಯಿತು, ರೋಗಿಗೂ ಒಳ್ಳೆಯದಾಯಿತು. ಪ್ರಾಣಿಯನ್ನು ಬಿಟ್ಟರೆ ಔಷಧದ ಗುಣಮಟ್ಟ ಇಳಿಯುತ್ತದೆಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಗೊತ್ತಿಲ್ಲ. ಆದರೆ ಕೆಲಸ ಪೂರ್ತಿ ಆಗಿಲ್ಲ. ಲಸಿಕೆಯ ಶಕ್ತಿ ಅಳೆಯುವ ಹಳೆಯ ಪದ್ಧತಿಯಲ್ಲಿ ಲಸಿಕೆ ಹಾಕಿದ ಇಲಿಗಳ ಮಿದುಳಿಗೆ ರೇಬೀಸ್ ವೈರಸ್ಸನ್ನು ಚುಚ್ಚುತ್ತಾರೆ. ಇಲಿಗೆ ಇದಕ್ಕಿಂತ ಕಠಿಣವಾದ ಸಾವು ಕಡಿಮೆ. ಪ್ರಾಣಿಯಿಲ್ಲದೆ ಅಳೆಯುವ ವಿಧಾನ ಸಿಕ್ಕ ಕಡೆಯಲ್ಲೆಲ್ಲ ಅದನ್ನು ಒಪ್ಪಿಕೊಳ್ಳಲು ಒಂದು ದಿನವೂ ತಡಮಾಡಬಾರದು.

ತಪ್ಪು ಕಲ್ಪನೆ: ಪ್ರಯೋಗಶಾಲೆಯೊಳಗೆ ಯಾರೂ ಕೇಳುವವರಿಲ್ಲ

ಕೇಳುವವರಿದ್ದಾರೆ. ನೃತ್ಯಗಾರ್ತಿ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯಿಂದ ಶುರುವಾದ ಹೋರಾಟದ ಫಲ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಪುಸ್ತಕ, ಮಾದರಿ, ಚಲನಚಿತ್ರದಿಂದ ಕಲಿಸಬಹುದಾದಲ್ಲಿ ಪ್ರಾಣಿ ಬಳಸುವುದನ್ನು ತಪ್ಪಿಸಬೇಕು, ಸಣ್ಣ ಪ್ರಾಣಿ ಸಾಕಾಗುವಲ್ಲಿ ದೊಡ್ಡದನ್ನು ಮುಟ್ಟಬಾರದು, ನೋವಾಗುವಲ್ಲಿ ಅರಿವಳಿಕೆ ಕೊಡಬೇಕು ಎನ್ನುತ್ತದೆ ಅದರ 17ನೇ ಕಲಂ. ಪ್ರಾಣಿ ಪ್ರಯೋಗ ಮಾಡುವ ಪ್ರತಿ ಸಂಸ್ಥೆಯೂ ಕೇಂದ್ರ ಸಮಿತಿಯಲ್ಲಿ ನೋಂದಾಯಿಸಿಕೊಳ್ಳಬೇಕು. ತನ್ನದೇ ನೈತಿಕ ಸಮಿತಿಯನ್ನೂ ಇಟ್ಟುಕೊಳ್ಳಬೇಕು. ಅದರಲ್ಲಿ ಪಶುವೈದ್ಯರಿರಬೇಕು, ಹೊರಗಿನ ವಿಜ್ಞಾನಿ ಇರಬೇಕು, ವಿಜ್ಞಾನಿಯಲ್ಲದ ಸಾಮಾಜಿಕ ಪ್ರಜ್ಞೆಯ ಒಬ್ಬ ಸದಸ್ಯರೂ ಇರಬೇಕು.

ಬರೆದ ಕಾನೂನು ಇಷ್ಟು ಚಂದ. ಇನ್ನು ಆ ಕೇಂದ್ರ ಸಮಿತಿಯ ಆದೇಶ ಮೀರಿದವರಿಗೆ ಅದೇ ಕಾಯ್ದೆಯ 20ನೇ ಕಲಂ ಬರೆದಿಟ್ಟ ದಂಡ ನೋಡಿ: ಹೆಚ್ಚೆಂದರೆ 200 ರೂಪಾಯಿ. ಸಂಸ್ಥೆಯ ಪ್ರಯೋಗವನ್ನೇ ನಿಲ್ಲಿಸುವ ಅಧಿಕಾರ ಸಮಿತಿಗಿದೆ ನಿಜ. ಆದರೂ ಒಂದು ಜೀವದ ನೋವಿಗೆ ಇಷ್ಟು ಬೆಲೆ ಕಟ್ಟಿದ್ದು ನಾಚಿಕೆಗೇಡು.

ಇನ್ನು ಕೆಲವು ಮಾತುಗಳನ್ನು ಬೇಗ ಮುಗಿಸಬಹುದು. ಸೋಪು, ಶಾಂಪೂವನ್ನು ಮೊಲದ ಕಣ್ಣಿಗೆ ಹಾಕಿ ನೋಡುತ್ತಾರೆಂಬುದು ಭಾರತದ ಮಟ್ಟಿಗೆ ಹಳೆಯ ಕತೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದೂ, ಹಾಗೆ ಪರೀಕ್ಷಿಸಿದ್ದನ್ನು ಹೊರದೇಶದಿಂದ ತರುವುದೂ 2014ರಿಂದ ನಿಷಿದ್ಧ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಮಾತ್ರ ಬೇರೆ ವಿಷಯ. ಅದು ಒಳಗಿನ ಪದಾರ್ಥದ ಬಗ್ಗೆ ಹೇಳುತ್ತದೆ, ಪರೀಕ್ಷೆಯ ಬಗ್ಗೆ ಅಲ್ಲ. ಕಪ್ಪೆ ಕೊಯ್ಯದೆ ಜೀವಶಾಸ್ತ್ರ ಬರುವುದಿಲ್ಲ ಎಂಬುದೂ ಹಾಗೆಯೇ. ಪ್ರಾಣಿಶಾಸ್ತ್ರದ ಪದವಿ ತರಗತಿಗಳಲ್ಲಿ ಕೊಯ್ಯುವುದನ್ನು ನಿಲ್ಲಿಸಲು ಯುಜಿಸಿ 2011ರಲ್ಲೇ ಮಾರ್ಗಸೂಚಿ ಕೊಟ್ಟಿತು. "ನಮ್ಮ ಆಯುರ್ವೇದದಾಗ ಇಂಥಾ ಹಿಂಸಾ ಇಲ್ರೀ" ಎಂಬ ಮಾತು ಕಪ್ಪತಗುಡ್ಡದ ಔಷಧಿ ಗಿಡಗಳ ಬಗ್ಗೆ ಅಭಿಮಾನವಿರುವ ನಮ್ಮಲ್ಲಿ ಸಾಮಾನ್ಯ. ಆದರೆ ಗಿಡಮೂಲಿಕೆಯ ಸಾರ ವಿಷಕಾರಿಯೇ ಎಂದು ಹೊಸದಾಗಿ ಸಂಶೋಧಿಸುವಾಗ ಅಲ್ಲಿಯೂ ಬಳಕೆಯಾಗುವುದು ಇಲಿಗಳೇ.

ತಪ್ಪು ಕಲ್ಪನೆ: ಕಂಪ್ಯೂಟರು ಬಂದಿದೆ, ಇನ್ನು ಪ್ರಾಣಿ ಬೇಕಿಲ್ಲ

ಇದು ನಿಜವಾಗಲಿ ಎಂದು ಬಯಸುವವರಲ್ಲಿ ನಾನೂ ಒಬ್ಬ. ಹೊಸ ಔಷಧಗಳ ಪರೀಕ್ಷೆಯಲ್ಲಿ ಮನುಷ್ಯನ ಜೀವಕೋಶ, ಚಿಪ್ ಮೇಲೆ ಬೆಳೆಸಿದ ಅಂಗಾಂಶದಂಥ ವಿಧಾನಗಳಿಗೆ ಭಾರತ 2023ರಲ್ಲಿ ನಿಯಮ ತಿದ್ದಿ ಜಾಗ ಕೊಟ್ಟಿತು. ದಾರಿ ತೆರೆದಿದೆ, ಆದರೆ ಪೂರ್ತಿ ಸವೆಸಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರು 2024ರಲ್ಲಿ ಕುದುರೆಯ ನೆರವಿಲ್ಲದೆ ಲ್ಯಾಬಿನಲ್ಲೇ ಸೃಷ್ಟಿಸಿದ ಮನುಷ್ಯ ಪ್ರತಿಕಾಯವೊಂದನ್ನು ಪ್ರಕಟಿಸಿದರು. ನಾಗರಹಾವು, ಕಟ್ಟುಹಾವುಗಳ ವಿಷದಲ್ಲಿ ನರಗಳನ್ನು ಹಿಡಿಯುವ ಒಂದು ಬಗೆಯ ನಂಜನ್ನು ಅದು ತಡೆಯುತ್ತದೆ. ತಡೆಯುತ್ತದೆಂದು ತಿಳಿದದ್ದು ಇಲಿಗಳಿಗೆ ವಿಷ ಕೊಟ್ಟು ನೋಡಿದ ಮೇಲೆ. ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುವ ಮಂಡಲ ಹಾವುಗಳ ವಿಷಕ್ಕೆ ಅದು ಉತ್ತರವಲ್ಲ. ಕೊಳಕುಮಂಡಲ ಕಡಿದ ರೈತನಿಗೆ ಇನ್ನೂ ಬಹುಕಾಲ ಕುದುರೆಯ ಪ್ಲಾಸ್ಮಾವೇ ಬೇಕು. ಅಲ್ಲಿಯವರೆಗೆ ಆ ಕುದುರೆಗಳಿಂದ ಎಷ್ಟು ರಕ್ತ ತೆಗೆದರು, ಎಷ್ಟು ದಿನ ಬಿಡುವು ಕೊಟ್ಟರು ಎಂಬ ಲೆಕ್ಕವನ್ನು ಮದ್ದು ಕೊಳ್ಳುವ ಸರಕಾರ ಟೆಂಡರಿನ ಷರತ್ತಿನಲ್ಲೇ ಕೇಳಬೇಕು.