ಸಂದಿನಲ್ಲಿ ಸೋತ ಎಂಜಿನ್

ಗಿರಣಿಗೆ ಬೇಕಾಗಿದ್ದದ್ದು ತಿರುಗುವ ದಂಡ. ಉಗಿಯಂತ್ರ ಕೊಡುತ್ತಿದ್ದದ್ದು ಹಿಂದಕ್ಕೂ ಮುಂದಕ್ಕೂ ಓಡಾಡುವ ಪಿಸ್ಟನ್. ಆ ಓಡಾಟವನ್ನು ತಿರುಗಾಟವಾಗಿಸಲು ನಡುವೆ ಕ್ರ್ಯಾಂಕ್, ತೋಳು, ಭಾರವಾದ ಫ್ಲೈವೀಲ್ ಎಂದು ಒಂದು ಸಂಸಾರವನ್ನೇ ಹೂಡಬೇಕಾಗುತ್ತಿತ್ತು. ಇಷ್ಟೆಲ್ಲ ಯಾಕೆ, ಉಗಿಯಿಂದ ನೇರವಾಗಿ ಚಕ್ರವನ್ನೇ ತಳ್ಳಿಸಿದರಾಗದೆ ಎಂಬ ಪ್ರಶ್ನೆ ಉಗಿಯಂತ್ರದಷ್ಟೇ ಹಳೆಯದು. ಒಂದು ದುಂಡನೆಯ ಡಬ್ಬಿ, ಅದರೊಳಗೆ ತಿರುಗುವ ಒಂದು ರೋಟರ್, ರೋಟರಿನ ಒಂದು ಬದಿಗೆ ಒತ್ತಡದ ಉಗಿ ಅಥವಾ ನೀರು, ಇನ್ನೊಂದು ಬದಿಯಲ್ಲಿ ಹೊರದಾರಿ. ಕಾಗದದ ಮೇಲೆ ಇದಕ್ಕಿಂತ ಸರಳವಾದ ಎಂಜಿನ್ ಇಲ್ಲ. ಆದರೂ ಸುಮಾರು ಎರಡು ಶತಮಾನ ಜಾಣರಲ್ಲಿ ಜಾಣರು ಇದರ ಬೆನ್ನುಹತ್ತಿ ಬರಿಗೈಲಿ ಮರಳಿದರು. ಅವರು ಸೋತದ್ದು ಬುದ್ಧಿ ಸಾಲದೆ ಅಲ್ಲ, ರೋಟರಿಗೂ ಡಬ್ಬಿಗೂ ನಡುವಿನ ಕೂದಲೆಳೆಯಷ್ಟು ಸಂದಿನಿಂದ. ಕೊನೆಗೆ ಗೆದ್ದ ಯಂತ್ರವೂ ಆ ಸಂದನ್ನು ಮುಚ್ಚಿ ಗೆಲ್ಲಲಿಲ್ಲ. ಮುಚ್ಚುವ ಆಸೆಯನ್ನೇ ಬಿಟ್ಟು ಗೆದ್ದಿತು.

ಸೋತವರ ಪಟ್ಟಿ ಸಣ್ಣವರದ್ದಲ್ಲ. ಇಟಲಿಯ ಅಗೊಸ್ಟಿನೊ ರಮೆಲ್ಲಿ 1588ರಲ್ಲಿ ಪ್ರಕಟಿಸಿದ ಯಂತ್ರಗಳ ಪುಸ್ತಕದಲ್ಲೇ ತಿರುಗುವ ನೀರಿನ ಪಂಪುಗಳ ಚಿತ್ರಗಳಿವೆ. ಪಂಪನ್ನು ಹಿಂದುಮುಂದಾಗಿ ನಡೆಸಿದರೆ ಅದೇ ಎಂಜಿನ್. ಜೇಮ್ಸ್ ವ್ಯಾಟ್ ತನ್ನ 1769ರ ಹೆಸರಾಂತ ಪೇಟೆಂಟಿನಲ್ಲಿ ಪ್ರತ್ಯೇಕ ಕಂಡೆನ್ಸರಿನ ಜೊತೆಗೆ ‘ಉಗಿಚಕ್ರ’ವೊಂದನ್ನೂ ಸೇರಿಸಿದ್ದ, ಸೋಹೊದ ಕಾರ್ಖಾನೆಯಲ್ಲಿ ಅದರ ಮೇಲೆ ಹೆಣಗಿ ಕೈಬಿಟ್ಟ. 1790ರಲ್ಲಿ ಜೋಸೆಫ್ ಬ್ರಾಮಾ, 1799ರಲ್ಲಿ ವ್ಯಾಟನ ಬಲಗೈಯಾಗಿದ್ದ ವಿಲಿಯಂ ಮರ್ಡಾಕ್ ತಮ್ಮ ತಮ್ಮ ವಿನ್ಯಾಸಗಳನ್ನು ಮುಂದಿಟ್ಟರು. ಮರ್ಡಾಕನದ್ದು ಒಂದಕ್ಕೊಂದು ಕಚ್ಚಿಕೊಂಡ ಎರಡು ಹಲ್ಲುಚಕ್ರಗಳ ನಡುವೆ ಉಗಿ ನುಗ್ಗಿಸುವ ಚಂದದ ಯೋಚನೆ. ಬ್ರಿಟನ್ನಿನ ನೌಕಾವೀರ ಕಾಕ್ರೇನ್ 1840ರ ದಶಕದಲ್ಲಿ ತನ್ನ ರೋಟರಿ ಎಂಜಿನನ್ನು ಜೇನಸ್ ಎಂಬ ಹಡಗಿಗೇ ಹೂಡಿಸಿ ನಿರಾಶನಾದ. ಇಷ್ಟು ಹೊತ್ತಿಗೆ ಪೇಟೆಂಟ್ ಕಚೇರಿಗಳಲ್ಲಿ ಇಂಥವು ರಾಶಿ ಬಿದ್ದಿದ್ದವು. 1875ರಲ್ಲಿ ಜರ್ಮನಿಯ ಫ್ರಾಂಜ್ ರೂಲೊ ಯಂತ್ರಚಲನೆಯ ಕುರಿತ ತನ್ನ ಗ್ರಂಥದಲ್ಲಿ ಈ ರಾಶಿಗೆ ಕೈಹಾಕಿ ಒಂದು ಮುಜುಗರದ ಸಂಗತಿಯನ್ನು ಎತ್ತಿತೋರಿಸಿದ: ಹೊಸದೆಂದು ಪೇಟೆಂಟ್ ಪಡೆದ ಬಹಳಷ್ಟು ರೋಟರಿ ಎಂಜಿನ್ನುಗಳು ಒಳಗೆ ಅದೇ ಹಳೆಯ ಕ್ರ್ಯಾಂಕಿನ ಸರಪಣಿಗಳು. ಯಾವ ಕೊಂಡಿಯನ್ನು ನಿಲ್ಲಿಸಿ ಯಾವುದನ್ನು ಡಬ್ಬಿಯಾಗಿ ಉಬ್ಬಿಸಿದ್ದಾರೆ ಎಂಬುದಷ್ಟೇ ವ್ಯತ್ಯಾಸ. ಕ್ರ್ಯಾಂಕಿನಿಂದ ತಪ್ಪಿಸಿಕೊಳ್ಳಲು ಹೊರಟವರು ವೇಷ ಬದಲಿಸಿದ ಕ್ರ್ಯಾಂಕಿನ ಮನೆಗೇ ಹೋಗಿ ಇಳಿದುಕೊಂಡಿದ್ದರು.

ಇವರನ್ನು ಓಡಿಸಿದ್ದು ಬಹುಮಟ್ಟಿಗೆ ಒಂದು ತಪ್ಪು ನಂಬಿಕೆ. ಪಿಸ್ಟನ್ ಪ್ರತಿ ತುದಿಯಲ್ಲೂ ನಿಂತು ದಿಕ್ಕು ಬದಲಿಸುತ್ತದೆ. ಹಾಗೆ ನಿಲ್ಲಿಸುವುದರಲ್ಲಿ, ಮತ್ತೆ ಓಡಿಸುವುದರಲ್ಲಿ ಶಕ್ತಿ ಪೋಲಾಗುತ್ತದೆ ಎಂಬುದು ಆ ನಂಬಿಕೆ. ಕೇಳಲು ಸರಿಯೆನಿಸುತ್ತದೆ. ಆದರೆ ಉಯ್ಯಾಲೆ ಎರಡೂ ತುದಿಯಲ್ಲಿ ಕ್ಷಣಕಾಲ ನಿಲ್ಲುತ್ತದಲ್ಲ, ನಿಂತಾಗಲೆಲ್ಲ ಶಕ್ತಿ ಕಳೆದುಕೊಳ್ಳುವುದಾದರೆ ಒಂದು ಜೀಕಿಗೆ ಎರಡನೆಯ ತೂಗು ಇರುತ್ತಿರಲಿಲ್ಲ. ಬೀಸುಕಲ್ಲಿನ ಗೂಟ ಹಿಡಿದ ಕೈ ಮುಂದೆ ಹೋಗಿ ಹಿಂದೆ ಬರುತ್ತದೆ, ಕಲ್ಲು ಮಾತ್ರ ಸುತ್ತುತ್ತಲೇ ಇರುತ್ತದೆ. ಕೈ ತಿರುಗುವ ಗಳಿಗೆಯಲ್ಲಿ ಭಾರದ ಕಲ್ಲೇ ಅದನ್ನು ಎಳೆದುಕೊಂಡು ಹೋಗುತ್ತದೆ. ಪಿಸ್ಟನ್ ವೇಗ ಕಳೆದುಕೊಳ್ಳುವಾಗ ಅದರ ಚಲನಶಕ್ತಿ ಎಲ್ಲಿಗೂ ಸೋರಿಹೋಗುವುದಿಲ್ಲ, ಕ್ರ್ಯಾಂಕಿನ ಮೂಲಕ ಫ್ಲೈವೀಲಿಗೆ ಜಮೆಯಾಗುತ್ತದೆ. ಮುಂದಿನ ಗಳಿಗೆಯಲ್ಲಿ ಫ್ಲೈವೀಲೇ ಅದನ್ನು ಸಾಲ ಕೊಡುತ್ತದೆ. ನಷ್ಟವಾಗುವುದು ಘರ್ಷಣೆಗೆ ಹೋದಷ್ಟೇ. ಕಂಪನ, ಗಾತ್ರ, ತೂಕ ಇವೆಲ್ಲ ಪಿಸ್ಟನ್ನಿನ ನಿಜವಾದ ತೊಂದರೆಗಳು, ಅಲ್ಲಗಳೆಯುವಂತಿಲ್ಲ. ಆದರೆ ರೋಟರಿ ಎಂಜಿನ್ ಉಳಿಸುತ್ತೇನೆಂದು ಹೊರಟ ಶಕ್ತಿ ಮೊದಲೇ ಕಳೆದಿರಲಿಲ್ಲ.

ಅದು ಕಳೆದುಕೊಂಡದ್ದೋ ಬಹಳ. ಮನೆಯ ಪ್ರೆಷರ್ ಕುಕ್ಕರನ್ನೇ ನೋಡಿ. ಹೊರಗಿನದಕ್ಕಿಂತ ಒಂದು ವಾಯುಭಾರದಷ್ಟು ಹೆಚ್ಚಿನ ಒತ್ತಡದ ಉಗಿಯನ್ನು ತಡೆಯಲು ಒಂದು ರಬ್ಬರ್ ಗ್ಯಾಸ್ಕೆಟ್ ಸಾಕು; ಅದು ತುಸು ಹಳತಾದರೂ ಮುಚ್ಚಳದ ಸುತ್ತ ಬುಸ್ಸೆನ್ನುತ್ತದೆ. ಇಲ್ಲಿ ಮುಚ್ಚಳವೂ ಪಾತ್ರೆಯೂ ಅಲುಗಾಡುವುದಿಲ್ಲ. ಈಗ ಆ ಮುಚ್ಚಳ ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತಿದೆ, ಒತ್ತಡ ಹತ್ತು ಪಟ್ಟು ಇದೆ, ರಬ್ಬರಿನ ಜಾಗದಲ್ಲಿ ಕಬ್ಬಿಣವೋ ಸೆಣಬೋ ಇದೆ ಎಂದುಕೊಳ್ಳಿ. ಪಿಸ್ಟನ್ನಿಗೂ ಇದೇ ಪಾಡಲ್ಲವೆ ಎಂದು ಕೇಳಬಹುದು. ಅಲ್ಲ, ಪಿಸ್ಟನ್ನಿಗೆ ರೇಖಾಗಣಿತದ ಕೃಪೆಯಿದೆ. ಅದು ಮುಚ್ಚಬೇಕಾದದ್ದು ಒಂದೇ ಒಂದು ವೃತ್ತ, ಮತ್ತು ದುಂಡನೆಯ ತೂತು ಕೊರೆಯುವುದು ಕಾರ್ಖಾನೆಗಳಿಗೆ ಮೊದಲು ಒಲಿದ ವಿದ್ಯೆ. ತೋಪಿನ ನಳಿಗೆ ಕೊರೆಯುತ್ತಿದ್ದ ಜಾನ್ ವಿಲ್ಕಿನ್‌ಸನ್ 1770ರ ದಶಕದ ನಡುವಿನಲ್ಲಿ ವ್ಯಾಟನಿಗೆ ಕೊರೆದುಕೊಟ್ಟ ಸಿಲಿಂಡರುಗಳೇ ಅವನ ಎಂಜಿನನ್ನು ಬದುಕಿಸಿದ್ದು. ಐವತ್ತು ಅಂಗುಲ ಅಗಲದ ಸಿಲಿಂಡರಿನಲ್ಲಿ ಒಂದು ಹಳೆಯ ಶಿಲ್ಲಿಂಗಿನ ದಪ್ಪದಷ್ಟೂ ತಪ್ಪಿಲ್ಲ ಎಂದು ವ್ಯಾಟನ ಪಾಲುದಾರ ಬೌಲ್ಟನ್ ಹೆಮ್ಮೆಪಟ್ಟ. 1850ರ ದಶಕದಲ್ಲಿ ಜಾನ್ ರಾಮ್ಸ್‌ಬಾಟಮ್ ಸೀಳುಬಿಟ್ಟ ಪಿಸ್ಟನ್ ರಿಂಗನ್ನು ತಂದಮೇಲಂತೂ ಆ ವೃತ್ತ ತಾನಾಗಿಯೇ ಹಿಗ್ಗಿ ಗೋಡೆಗೆ ಅಂಟಿಕೊಳ್ಳತೊಡಗಿತು. ಸವೆದರೆ ಎಲ್ಲ ಕಡೆ ಒಂದೇ ಸಮ ಸವೆಯುತ್ತದೆ, ಸವೆದಷ್ಟೂ ರಿಂಗ್ ಹಿಗ್ಗುತ್ತದೆ. ಬೈಕಿನಿಂದ ಲಾರಿಯವರೆಗೆ ಇಂದಿಗೂ ನಡೆಯುತ್ತಿರುವುದು ಇದೇ ಉಪಾಯ.

ರೋಟರಿ ಎಂಜಿನ್ನಿಗೆ ಈ ಭಾಗ್ಯವಿಲ್ಲ. ಅಲ್ಲಿ ಮುಚ್ಚಬೇಕಾದದ್ದು ಮೂರು ಬಗೆಯ ಸಂದು: ರೆಕ್ಕೆಯ ತುದಿ ಡಬ್ಬಿಯ ಗೋಡೆಯನ್ನು ಸವರಿಕೊಂಡು ಹೋಗುವ ಗೆರೆ, ರೋಟರಿನ ಎರಡು ಚಪ್ಪಟೆ ಪಕ್ಕಗಳು, ಮತ್ತು ಇವೆರಡೂ ಕೂಡುವ ಮೂಲೆಗಳು. ಮೂಲೆ ಎಂಬುದು ಎಲ್ಲ ಸೀಲುಗಳ ಶತ್ರು. ಇನ್ನು ಚಪ್ಪಟೆ ಪಕ್ಕದ ಕಥೆ. ತಿರುಗುವ ತಟ್ಟೆಯ ಅಂಚು ಒಂದು ಸುತ್ತಿನಲ್ಲಿ ಬಹಳ ದೂರ ಸಾಗುತ್ತದೆ, ನಡುಭಾಗ ಸ್ವಲ್ಪವೇ ಸಾಗುತ್ತದೆ. ಉಜ್ಜಿದಷ್ಟು ಸವೆತ. ಆದ್ದರಿಂದ ಅಂಚು ಬೇಗ ಸವೆದು ಅಲ್ಲಿ ಸಂದು ಬಿಡುತ್ತದೆ. ಬಿಗಿ ಮಾಡಿದರೆ ನಡುಭಾಗ ಕಚ್ಚಿಕೊಳ್ಳುತ್ತದೆ, ಅಂಚು ಮಾತ್ರ ಸೋರುತ್ತಲೇ ಇರುತ್ತದೆ. ಸಾಲದ್ದಕ್ಕೆ ಉಗಿಯ ಒತ್ತಡವೆಲ್ಲ ರೋಟರಿನ ಒಂದೇ ಮಗ್ಗುಲಿಗೆ ಬಿದ್ದು ದಂಡವನ್ನು ಬೇರಿಂಗಿಗೆ ಒತ್ತುತ್ತದೆ. ಬೇರಿಂಗ್ ಕೂದಲೆಳೆ ಸವೆಯಿತೆಂದರೆ ಒಂದು ಕಡೆ ರೋಟರ್ ಡಬ್ಬಿಗೆ ತಾಗುತ್ತದೆ, ಎದುರು ಕಡೆ ಬಾಯಿ ಬಿಡುತ್ತದೆ. ಹೊಸದರಲ್ಲಿ ಚೆನ್ನಾಗಿ ತಿರುಗಿ ಪ್ರದರ್ಶನದಲ್ಲಿ ಚಪ್ಪಾಳೆ ಗಿಟ್ಟಿಸಿದ ಎಂಜಿನ್ ಕೆಲವು ತಿಂಗಳಲ್ಲಿ ಕಲ್ಲಿದ್ದಲು ನುಂಗುವ ಭೂತವಾಗುತ್ತಿದ್ದದ್ದು ಹೀಗೆ.

ನೀರಿನಿಂದ ನಡೆಸಿದರೆ? ಇಲ್ಲಿ ಲೆಕ್ಕವೇ ಬೇರೆ. ಹತ್ತು ವಾಯುಭಾರದ ಒತ್ತಡದಲ್ಲಿ ಒಂದು ಘನ ಮೀಟರ್ ಉಗಿ ಸುಮಾರು ಐದು ಕಿಲೋ ತೂಗುತ್ತದೆ, ಅಷ್ಟೇ ನೀರು ಸಾವಿರ ಕಿಲೋ. ಹಗುರವಾದದ್ದು ಸಂದಿನಲ್ಲಿ ವೇಗವಾಗಿ ನುಸುಳುತ್ತದೆ. ಒಂದೇ ಒತ್ತಡ, ಒಂದೇ ಸಂದು ಇದ್ದರೆ ನೀರಿಗಿಂತ ಉಗಿ ಗಾತ್ರದಲ್ಲಿ ಆರೇಳು ಪಟ್ಟು ಹೆಚ್ಚು ಸೋರುತ್ತದೆ. ನೀರಿಗಿಂತ ಎಣ್ಣೆ ಇನ್ನೂ ಸಭ್ಯ: ತನ್ನ ಅಂಟಿನಿಂದಲೇ ಸಂದನ್ನು ಮುಚ್ಚುತ್ತದೆ, ಸವೆತವನ್ನೂ ತಡೆಯುತ್ತದೆ. ಹಾಗಾಗಿಯೇ ಮರ್ಡಾಕನ ಹಲ್ಲುಚಕ್ರಗಳು ಉಗಿಗೆ ಒಗ್ಗದಿದ್ದರೂ ಇಂದು ಅದೇ ಆಕಾರ ಲೆಕ್ಕವಿಲ್ಲದಷ್ಟು ಎಂಜಿನ್ನುಗಳ ಆಯಿಲ್ ಪಂಪಿನಲ್ಲಿ ಕುಳಿತಿದೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ಕಿನಲ್ಲೂ ಇದೆ. ಅಮೆರಿಕದ ಇಂಡಿಯಾನಾದ ರೂಟ್ಸ್ ಸೋದರರ ಕಥೆಯೂ ಇಲ್ಲಿ ಹೇಳುವಂಥದ್ದು. ತಮ್ಮ ಉಣ್ಣೆ ಗಿರಣಿಗೆ ನೀರುಚಕ್ರದ ಬದಲು ಎರಡು ಉಬ್ಬುಗಳ ರೋಟರಿ ಯಂತ್ರವೊಂದನ್ನು ಅವರು ಮರದಲ್ಲಿ ಮಾಡಿದರು. ಮರ ನೀರು ಕುಡಿದು ಉಬ್ಬಿತು, ಯಂತ್ರ ಕಚ್ಚಿಕೊಂಡಿತು. ನೀರಿಲ್ಲದೆ ಒಣಗಿಸಿ ತಿರುಗಿಸಿದಾಗ ಅದರಿಂದ ಬಂದ ಗಾಳಿ ಮೇಸ್ತ್ರಿಯ ಟೊಪ್ಪಿಗೆಯನ್ನೇ ಹಾರಿಸಿತು ಎನ್ನುತ್ತಾರೆ. 1860ರಲ್ಲಿ ಪೇಟೆಂಟಾದ ಆ ಯಂತ್ರ ಕುಲುಮೆಗಳಿಗೆ ಗಾಳಿ ಊದಿ ಹೆಸರು ಮಾಡಿತು.

ಸೋರಿಕೆಯನ್ನು ಹೇಗೋ ಸಹಿಸೋಣ ಎಂದರೂ ಉಗಿಯ ವಿಷಯದಲ್ಲಿ ಇನ್ನೊಂದು ಕೊರತೆ ಉಳಿಯುತ್ತದೆ. ಒತ್ತಡದ ಉಗಿಯನ್ನು ಸಿಲಿಂಡರಿಗೆ ಸ್ವಲ್ಪ ಹೊತ್ತು ಮಾತ್ರ ಬಿಟ್ಟು, ವಾಲ್ವ್ ಮುಚ್ಚಿ, ಒಳಗಿದ್ದ ಉಗಿ ಹಿಗ್ಗುತ್ತಾ ಪಿಸ್ಟನ್ನನ್ನು ತಳ್ಳುವಂತೆ ಮಾಡಿದರೆ ಅದೇ ಕಲ್ಲಿದ್ದಲಿನಿಂದ ಬಹಳ ಹೆಚ್ಚು ಕೆಲಸ ಸಿಗುತ್ತದೆ. ವ್ಯಾಟ್ ಇದಕ್ಕೆ 1782ರಲ್ಲಿ ಪೇಟೆಂಟ್ ಪಡೆದಿದ್ದ. ಹಲ್ಲುಚಕ್ರದ ಬಗೆಯ ರೋಟರಿಗಳಲ್ಲಿ ಉಗಿಗೆ ಹಿಗ್ಗಲು ಜಾಗವೇ ಇಲ್ಲ. ಪೂರ್ತಿ ಒತ್ತಡದಲ್ಲಿ ಬಂದು ಪೂರ್ತಿ ಒತ್ತಡದಲ್ಲೇ ಹೊರಬಿದ್ದು ವ್ಯರ್ಥವಾಗುತ್ತದೆ. ಕಬ್ಬನ್ನು ಒಂದೇ ಸಲ ಗಾಣಕ್ಕೆ ಕೊಟ್ಟು ಸಿಪ್ಪೆ ಎಸೆದಂತೆ.

ಅಷ್ಟರಲ್ಲಿ ನೀರಿನವರು ಬೇರೊಂದು ದಾರಿ ಹಿಡಿದಿದ್ದರು. ನೀರನ್ನು ಕೂಡಿಹಾಕಿ ಒತ್ತಡದಿಂದ ತಳ್ಳಿಸುವ ಬದಲು, ಮೊದಲು ಆ ಒತ್ತಡವನ್ನು ವೇಗವನ್ನಾಗಿ ಬದಲಿಸಿ, ಓಡುವ ನೀರನ್ನು ಬಾಗಿದ ಅಲಗುಗಳ ಮೇಲೆ ತಿರುಗಿಸಿ, ಅದರ ವೇಗವನ್ನು ಕಿತ್ತುಕೊಳ್ಳುವುದು. ಫ್ರಾನ್ಸಿನ ಕ್ಲೋಡ್ ಬುರ್ದ್ಯಾಂ 1822ರಲ್ಲಿ ಇದಕ್ಕೆ ಟರ್ಬೈನ್ ಎಂದು ಹೆಸರಿಟ್ಟ. ಲ್ಯಾಟಿನ್ ಮೂಲಕ್ಕೆ ಸುಳಿ ಎಂಬ ಅರ್ಥವೂ ಇದೆ, ಬುಗುರಿ ಎಂಬ ಅರ್ಥವೂ ಇದೆ. ಅವನ ಶಿಷ್ಯ ಬೆನ್ವಾ ಫೂರ್ನೆರೋನ್ 1827ರಲ್ಲಿ ಆರು ಅಶ್ವಶಕ್ತಿಯದ್ದನ್ನು ಮಾಡಿ, ಹತ್ತು ವರ್ಷದ ಮೇಲೆ ಜರ್ಮನಿಯ ಬ್ಲ್ಯಾಕ್ ಫಾರೆಸ್ಟಿನ ಸೇಂಟ್ ಬ್ಲಾಸಿಯೆನ್‌ನಲ್ಲಿ 108 ಮೀಟರ್ ಎತ್ತರದ ನೀರಿನಿಂದ 60 ಅಶ್ವಶಕ್ತಿ ತೆಗೆದ. ಆ ಚಕ್ರದ ಅಗಲ ಕೇವಲ ಒಂದು ಅಡಿ, ವೇಗ ನಿಮಿಷಕ್ಕೆ 2,300 ಸುತ್ತು. 1880ರಲ್ಲಿ ಪೇಟೆಂಟಾದ ಲೆಸ್ಟರ್ ಪೆಲ್ಟನ್ನನ ಚಕ್ರ ಈ ವಾದವನ್ನು ತುದಿಮುಟ್ಟಿಸಿತು. ಅದು ತೆರೆದ ಗಾಳಿಯಲ್ಲೇ ತಿರುಗುತ್ತದೆ. ನೀರಿನ ಧಾರೆಯ ಅರ್ಧ ವೇಗದಲ್ಲಿ ಬಟ್ಟಲುಗಳು ಓಡುವಂತೆ ನೋಡಿಕೊಂಡರೆ ನೀರು ತನ್ನ ವೇಗವನ್ನೆಲ್ಲ ಒಪ್ಪಿಸಿ ಸುಸ್ತಾಗಿ ಕೆಳಗೆ ಬೀಳುತ್ತದೆ. ಚಕ್ರದ ಈಚೆಗೂ ಆಚೆಗೂ ಒತ್ತಡದ ವ್ಯತ್ಯಾಸವೇ ಇಲ್ಲದಿರುವಾಗ ಸೋರುವುದಕ್ಕೆ ಏನಿದೆ? ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳಲ್ಲಿ 1,035 ಮೆಗಾವ್ಯಾಟ್ ಹುಟ್ಟಿಸುತ್ತಿರುವುದು ಪೆಲ್ಟನ್ನನ ಚಕ್ರಗಳೇ.

ಇದನ್ನೇ ಉಗಿಗೂ ಮಾಡಬಾರದಿತ್ತೆ? ಮಾಡಲು ಹೊರಟವನಿದ್ದ. ಚದುರಂಗ ಆಡುವ ಗೊಂಬೆ ತೋರಿಸಿ ಯುರೋಪಿನ ಆಸ್ಥಾನಗಳನ್ನು ಬೆರಗುಗೊಳಿಸಿದ ವುಲ್ಫ್‌ಗ್ಯಾಂಗ್ ಫಾನ್ ಕೆಂಪೆಲೆನ್ 1784ರಲ್ಲಿ ಉಗಿ ಚಿಮ್ಮಿಸಿ ತಿರುಗುವ ಎಂಜಿನ್ ಮಾಡಿದ್ದಾನೆಂಬ ಸುದ್ದಿ ಕೇಳಿ ಬೌಲ್ಟನ್ ಗಾಬರಿಯಾದ. ವ್ಯಾಟ್ ಲೆಕ್ಕ ಹಾಕಿ ಸಮಾಧಾನ ಹೇಳಿದ: ಸೆಕೆಂಡಿಗೆ ಸಾವಿರ ಅಡಿ ವೇಗದಲ್ಲಿ ಯಂತ್ರ ಓಡಿಸಲು ಸಾಧ್ಯವಾಗದ ಹೊರತು ಅದರಿಂದ ನಮಗೆ ಹಾನಿಯಿಲ್ಲ. ವ್ಯಾಟನ ಲೆಕ್ಕ ತಪ್ಪಿರಲಿಲ್ಲ. ಹತ್ತು ವಾಯುಭಾರದ ನೀರು ಚಿಮ್ಮುವುದು ಸೆಕೆಂಡಿಗೆ 42 ಮೀಟರ್ ವೇಗದಲ್ಲಿ. ಅದೇ ಒತ್ತಡದ ಉಗಿಯನ್ನು ಸರಿಯಾದ ನಳಿಕೆಯಿಂದ ಹೊರಗಾಳಿಗೆ ಬಿಟ್ಟರೆ ಸುಮಾರು 900 ಮೀಟರ್. ಅದರ ಅರ್ಧ ವೇಗಕ್ಕೆ ಒಂದು ಅಡಿ ಅಗಲದ ಚಕ್ರ ನಿಮಿಷಕ್ಕೆ 28,000 ಸುತ್ತು ಮೀರಿ ತಿರುಗಬೇಕು. ನೂರು ವರ್ಷ ಕಳೆದಮೇಲೆ ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್, ಹಾಲಿನಿಂದ ಕೆನೆ ತೆಗೆಯುವ ತನ್ನ ಯಂತ್ರಕ್ಕಾಗಿ, ನಿಜಕ್ಕೂ ಸುಮಾರು 30,000 ಸುತ್ತಿನ ಉಗಿ ಟರ್ಬೈನ್ ತಿರುಗಿಸಿದ. ಚಾರ್ಲ್ಸ್ ಪಾರ್ಸನ್ಸ್ 1884ರಲ್ಲಿ ಇನ್ನೂ ಜಾಣತನ ಮಾಡಿದ. ಒತ್ತಡವನ್ನು ಒಮ್ಮೆಗೇ ಇಳಿಸದೆ ಮೆಟ್ಟಿಲು ಮೆಟ್ಟಿಲಾಗಿ ಹಲವು ಸಾಲು ಅಲಗುಗಳಲ್ಲಿ ಇಳಿಸಿದ. ಶಕ್ತಿಯನ್ನು ಹದಿನಾರು ಸಮಪಾಲು ಮಾಡಿದರೆ ಪ್ರತಿ ಮೆಟ್ಟಿಲಿನಲ್ಲಿ ಉಗಿಯ ವೇಗ ಕಾಲುಭಾಗಕ್ಕೆ ಇಳಿಯುತ್ತದೆ, ಚಕ್ರಕ್ಕೆ ಉಸಿರು ಬರುತ್ತದೆ. ಮೊದಲ ಯಂತ್ರ 18,000 ಸುತ್ತಿನಲ್ಲಿ ಏಳೂವರೆ ಕಿಲೋವ್ಯಾಟ್ ಕೊಟ್ಟಿತು. 1897ರಲ್ಲಿ ಅವನ ಟರ್ಬೀನಿಯಾ ದೋಣಿ ಬ್ರಿಟಿಷ್ ನೌಕಾಪಡೆಯ ಕಣ್ಣೆದುರೇ 34 ನಾಟ್ ವೇಗದಲ್ಲಿ ಓಡಿತು.

ಟರ್ಬೈನೂ ಸೋರುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಪಾರ್ಸನ್ಸನ ಅಲಗುಗಳ ತುದಿಗೂ ಡಬ್ಬಿಗೂ ನಡುವೆ ಸಂದಿದೆ, ಅಲ್ಲಿ ಉಗಿ ನುಸುಳುತ್ತದೆ, ಅವನ ಮೊದಲ ಯಂತ್ರಗಳು ಉಗಿಯನ್ನು ಧಾರಾಳವಾಗಿ ಕುಡಿಯುತ್ತಿದ್ದವು. ಆದರೆ ಎರಡು ವ್ಯತ್ಯಾಸಗಳನ್ನು ಗಮನಿಸಬೇಕು. ಅಲ್ಲಿ ಯಾವುದೂ ಯಾವುದನ್ನೂ ಉಜ್ಜುವುದಿಲ್ಲ, ಆದ್ದರಿಂದ ಇಂದಿನ ಸಂದು ಹತ್ತು ವರ್ಷದ ಮೇಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಯಂತ್ರ ದೊಡ್ಡದಾದಂತೆ ಅಲಗಿನ ಉದ್ದ ಬೆಳೆಯುತ್ತದೆ, ಸಂದು ಅಷ್ಟಾಗಿ ಬೆಳೆಯುವುದಿಲ್ಲ. ಸೋರಿಕೆಯ ಪಾಲು ಇಳಿಯುತ್ತಾ ಹೋಗುತ್ತದೆ. ಈ ಮಾತಿನ ಇನ್ನೊಂದು ಮುಖವನ್ನೂ ಒಪ್ಪಿಕೊಳ್ಳಬೇಕು: ಐದು ಹತ್ತು ಅಶ್ವಶಕ್ತಿಯ ಮಟ್ಟದಲ್ಲಿ ಟರ್ಬೈನ್ ಬಡವ, ಅಲ್ಲಿ ಹಳೆಯ ಪಿಸ್ಟನ್ನೇ ವಾಸಿ.

ವ್ಯಾಂಕೆಲ್ ಎಂಜಿನ್ ಗೆಲ್ಲಲಿಲ್ಲವೆ ಎಂದು ಕಾರಿನ ಪ್ರೇಮಿಗಳು ಕೇಳಿಯಾರು. ಅದೂ ಒಂದು ರೋಟರಿ ಎಂಜಿನ್ನೇ, ಪೆಟ್ರೋಲಿನದ್ದಾದರೂ ಸಾಕ್ಷಿಗೆ ಬರಲಿ. ಮಜ್ದಾ ಕಂಪನಿ ಅದರ ಮೇಲೆ ದಶಕಗಳನ್ನು ಸುರಿದು, ರೋಟರಿನ ಮೂರು ತುದಿಗಳ ಸೀಲುಗಳು ಗೋಡೆಯ ಮೇಲೆ ಕೊರೆಯುತ್ತಿದ್ದ ಗೀರುಗಳನ್ನು ತಡೆದು, 1991ರಲ್ಲಿ ಲ ಮಾನ್ ಓಟವನ್ನೂ ಗೆದ್ದಿತು. ಆದರೆ 2012ರಲ್ಲಿ ಆರ್‌ಎಕ್ಸ್-8 ಕಾರನ್ನು ನಿಲ್ಲಿಸುವವರೆಗೂ ಆ ತುದಿಗಳಿಗೆ ಎಣ್ಣೆ ಉಣಿಸುತ್ತಲೇ ಇರಬೇಕಾಯಿತು. ಏಸಿಗಳ ಕಂಪ್ರೆಸರಿನಲ್ಲಿ, ಸ್ಕ್ರೂ ಕಂಪ್ರೆಸರಿನಲ್ಲಿ ರೋಟರಿ ಸುಖವಾಗಿದೆ. ಬಹುಪಾಲು ಕಡೆ ಅಲ್ಲಿಯೂ ಸಂದನ್ನು ಮುಚ್ಚುತ್ತಿರುವುದು ಎಣ್ಣೆಯೇ.

ಇಂಥ ಹೊಸ ಎಂಜಿನ್ನುಗಳ ಬಣ್ಣಬಣ್ಣದ ಅನಿಮೇಷನ್‌ಗಳು ಈಗಲೂ ಮೊಬೈಲಿಗೆ ಬರುತ್ತಿರುತ್ತವೆ. ಮುಂದಿನ ಸಲ ಒಂದು ಬಂದರೆ ರೋಟರ್ ತಿರುಗುವುದನ್ನು ನೋಡಬೇಡಿ, ಅದರ ಮೂಲೆಯನ್ನು ನೋಡಿ: ಅಲ್ಲಿ ಸೀಲ್ ಯಾವುದು, ಅದು ಯಾವ ವೇಗದಲ್ಲಿ ಉಜ್ಜುತ್ತದೆ, ಅದಕ್ಕೆ ಎಣ್ಣೆ ಎಲ್ಲಿಂದ ಬರುತ್ತದೆ. ಅನಿಮೇಷನ್ನಿನಲ್ಲಿ ಸಾಮಾನ್ಯವಾಗಿ ಈ ಮೂರನ್ನೂ ಬಿಡಿಸಿರುವುದಿಲ್ಲ.