ಎರಡು ತಂತಿಯ ಕುದುರೆ

ಫ್ಯೂಷನ್ ಎಂದರೆ ನನಗೆ ಮೊದಲಿನಿಂದಲೂ ಅನುಮಾನ. ಹಾಗಾಗಿ ಕಳೆದ ವಾರ 'ಸೆದಾ' ತಂಡದ ಸಂಗೀತ ಕೇಳಲು ಕೂತಾಗ ಹೆಚ್ಚೇನೂ ನಿರೀಕ್ಷೆಯಿರಲಿಲ್ಲ. ಇಯರ್‌ಫೋನ್ ತೆಗೆದಿಟ್ಟಾಗ ರಾತ್ರಿ ಎರಡು ಗಂಟೆ.

ಮೊದಲು ಕೇಳಿಸಿದ್ದು ಗಂಟಲು. ಒಬ್ಬನೇ ಗಾಯಕ, ಏಕಕಾಲಕ್ಕೆ ಎರಡು ಸ್ವರ. ಕೆಳಗೆ ಅಲುಗಾಡದ ಶ್ರುತಿ, ಮೇಲೆ ಸಿಳ್ಳೆಯಂಥ ಎಳೆ. ಇದು ಖೂಮಿ, ಮಂಗೋಲಿಯಾದ ಗಂಟಲು ಗಾಯನ. ತಂಬೂರಿಯ ಪಕ್ಕ ಕೂತವರಿಗೆ ಇದರ ಗುಟ್ಟು ಬೇಗ ಹೊಳೆಯುತ್ತದೆ. ಪಂಚಮ, ಷಡ್ಜಗಳನ್ನಷ್ಟೇ ಮೀಟಿದರೂ ಗಾಂಧಾರ ತಾನಾಗಿ ಕೇಳುತ್ತದಲ್ಲ, ಅಂಥ ಅಡಗಿದ ಸ್ವರವನ್ನೇ ಮಂಗೋಲ್ ಗಾಯಕ ನಾಲಿಗೆ, ತುಟಿಗಳನ್ನು ಹದಮಾಡಿ ಮೇಲೆತ್ತುತ್ತಾನೆ.

'ಸೆದಾ' ಎಂದರೆ ಪರ್ಷಿಯನ್‌ನಲ್ಲಿ ದನಿ. ತಂಡದ ನೆಲೆ ಜರ್ಮನಿ. ನಾರಾ ನಾರನ್‌ಬಾತರ್ ಮತ್ತು ಸಂಗಡಿಗರು ಮಂಗೋಲಿಯಾದವರು. ಗಿಟಾರ್, ತಾಳವಾದ್ಯ ಹಿಡಿದ ಒಮಿದ್ ಬಹಾದೊರಿಯವರದು ಇರಾನಿ ಮೂಲ.

ನನ್ನನ್ನು ಹಿಡಿದು ಕೂರಿಸಿದ್ದು ಮೋರಿನ್ ಖೂರ್, ಕುದುರೆಯ ತಲೆ ಕೆತ್ತಿದ, ಪಿಟೀಲಿನಂಥ ವಾದ್ಯ. ಎರಡೇ ತಂತಿ. ಸಂಪ್ರದಾಯದ ಲೆಕ್ಕದಲ್ಲಿ ಗಂಡು ತಂತಿಗೆ ಗಂಡು ಕುದುರೆಯ ಬಾಲದ 130 ಕೂದಲು, ಹೆಣ್ಣು ತಂತಿಗೆ ಹೆಣ್ಣು ಕುದುರೆಯ 105. ಈಗ ನೈಲಾನ್ ಬಂದಿದೆ. ಆದರೂ ವಾದಕನ ಎಡಗೈ ನೋಡಬೇಕು: ಪಿಟೀಲಿನಲ್ಲಿ ಮಾಡುವಂತೆ ತಂತಿಯನ್ನು ಮರಕ್ಕೆ ಒತ್ತುವುದಿಲ್ಲ. ಉಗುರಿನ ಬುಡವನ್ನು ಪಕ್ಕದಿಂದ ತಾಗಿಸುತ್ತಾನೆ, ನಮ್ಮ ಸಾರಂಗಿಯವರ ಹಾಗೆ. ಕಿರುಬೆರಳು ಒಂದು ತಂತಿಯ ಕೆಳಗಿನಿಂದ ನುಸುಳಿ ಇನ್ನೊಂದನ್ನು ಮುಟ್ಟುತ್ತದೆ. ಆ ಮೃದುತ್ವದಿಂದಲೇ ದನಿಯಲ್ಲಿ ಒಂದು ಒರಟು ಉಸಿರು ಉಳಿದಿದೆ. ಆ ದನಿಗೆ ಪ್ರಾಣಿಯೂ ಕರಗುತ್ತದೆ: ಮರಿಗೆ ಹಾಲೂಡಿಸಲು ಒಲ್ಲದ ತಾಯಿ ಒಂಟೆಯನ್ನು ಗೋಬಿ ಮರುಭೂಮಿಯ ಜನ ಈ ವಾದ್ಯ ನುಡಿಸಿ, ಹಾಡಿ ಒಲಿಸುತ್ತಾರೆ. 2003ರ 'ದಿ ಸ್ಟೋರಿ ಆಫ್ ದಿ ವೀಪಿಂಗ್ ಕ್ಯಾಮೆಲ್' ಚಿತ್ರದಲ್ಲಿ ಅದನ್ನು ಕಾಣಬಹುದು.

ತಂಡದಲ್ಲಿ ಯೋಚಿನ್ ಎಂಬ ವಾದ್ಯವೂ ಇದೆ, ಕೋಲಿನಿಂದ ಬಡಿದು ನುಡಿಸುವಂಥದು. ಪರ್ಷಿಯಾದ ಸಂತೂರಿನ ನಂಟ. ಆ ಸಂತೂರಿನಲ್ಲಿ 72 ತಂತಿಗಳನ್ನು ಹೊತ್ತು ನಿಲ್ಲುವ 18 ಪುಟ್ಟ ಆಸರೆಗಳಿವೆ. ಒಂದೊಂದಕ್ಕೂ 'ಖರಕ್' ಎಂದು ಹೆಸರು. ಅರ್ಥ, ಪುಟ್ಟ ಕತ್ತೆ. ಇದನ್ನು ಓದಿ ಎದ್ದು ಕೂತೆ. ವೀಣೆಯಲ್ಲಿ, ತಂಬೂರಿಯಲ್ಲಿ ತಂತಿ ಹೊರುವ ಆ ತುಂಡಿಗೆ ನಾವು ಏನನ್ನುತ್ತೇವೆ? ಕುದುರೆ! ಭಾರ ಹೊರುವ ಪ್ರಾಣಿಯ ಹೆಸರೇ ಬೇಕೆಂದು ಇರಾನಿನವರಿಗೂ ನಮಗೂ ತೋಚಿದೆ.

ಸೆದಾದಲ್ಲಿ ಯುರೋಪಿನ ಪಾಲು ತೆಳು. ಗಿಟಾರಿನ ಸ್ವರಮೇಳ ಕೆಲವೆಡೆ ಅನಗತ್ಯವೆನಿಸಿತು. ಆದರೆ ಖೂರ್ ಮತ್ತು ಯೋಚಿನ್ ಒಟ್ಟಿಗೆ ಓಡುವಾಗ ಬೆಸುಗೆಯ ಗುರುತೇ ಕಾಣದು. 2010ರ 'ಮಂಗೋಲಿಯನ್ ಮೀಟ್ಸ್ ಓರಿಯೆಂಟಲ್' ಆಲ್ಬಮ್‌ನಿಂದ ಶುರುಮಾಡಿ. ಫೋನಿನ ಸ್ಪೀಕರ್ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ. ಇಲ್ಲದಿದ್ದರೆ ಕೆಳಗಿನ ಶ್ರುತಿ ಕೇಳಿಸುವುದಿಲ್ಲ.